‘ಚೋಮನ ದುಡಿ’ ಮೇಲೆ ಬರೆದ ಪ್ರಬಂಧ ತಿದ್ದಬೇಕು, ಎಲ್ಲಿಂದ ಶುರು ಮಾಡಲಿ?

ಕೊಪ್ಪಳ_ಬಿಎ2

ಎಲ್ಲರಿಗೂ ನಮಸ್ಕಾರ. ನಾನು ಬಿ.ಎ. ಎರಡನೇ ವರ್ಷ. ಕೊಪ್ಪಳದ ಹತ್ತಿರದ ಹಳ್ಳಿ ನಮ್ಮದು, ದಿನಾ ಬಸ್ಸಿನಲ್ಲಿ ಓಡಾಡುತ್ತೇನೆ. ಒಂದು ಕಾದಂಬರಿ ಓದಿ 1500 ಪದಗಳಲ್ಲಿ ವಿಮರ್ಶಾ ಪ್ರಬಂಧ ಬರೆಯಿರಿ ಎಂದು ಕಾಲೇಜಿನಲ್ಲಿ ಹೇಳಿದ್ದರು. ನಾನು ಶಿವರಾಮ ಕಾರಂತರ ‘ಚೋಮನ ದುಡಿ’ ಆರಿಸಿಕೊಂಡೆ. ಉಳಲು ಒಂದು ತುಂಡು ನೆಲಕ್ಕಾಗಿ ಆಸೆಪಡುವ, ಅಸ್ಪೃಶ್ಯ ಜಾತಿಯ ಜೀತದಾಳು ಚೋಮನ ಕಥೆ ಅದು. ಎರಡು ಸಲ ಓದಿದೆ, ಮೊಬೈಲಿನಲ್ಲಿ ಸಿನಿಮಾನೂ ನೋಡಿದೆ, ಮೂರು ರಾತ್ರಿ ಕೂತು ಬರೆದೆ. ಪ್ರಬಂಧ ವಾಪಸ್ ಬಂದಾಗ ಮೇಲೆ ಕೆಂಪು ಶಾಯಿಯಲ್ಲಿ ಒಂದೇ ಪದ ಇತ್ತು: ‘ಪರಿಷ್ಕರಿಸಿ’. ಏನನ್ನು ಪರಿಷ್ಕರಿಸಬೇಕು ಎಂದು ಕೇಳೋಣ ಅಂದರೆ ಸರ್ ರಜೆಯಲ್ಲಿದ್ದಾರೆ. ಇನ್ನು 12 ದಿನ ಉಳಿದಿದೆ.

ಕಾಗುಣಿತ ನಾನೇ ಒಂದು ಸಲ ನೋಡಿದೆ, ಹತ್ತು ತಪ್ಪು ಸಿಕ್ಕವು, ಸರಿ ಮಾಡಿದೆ. ಆದರೆ ಆ ಪದದ ಅರ್ಥ ಅಷ್ಟೇ ಇರಲಿಕ್ಕಿಲ್ಲ ಅಲ್ವಾ? ಮೊದಲ ಪ್ಯಾರಾ ಇಲ್ಲಿ ಹಾಕುತ್ತೇನೆ, ಓದಿ ಹೇಳಿ:

“ಕಡಲ ತೀರದ ಭಾರ್ಗವ ಎಂದೇ ಖ್ಯಾತರಾದ ಡಾ. ಕೆ. ಶಿವರಾಮ ಕಾರಂತರು 1902ರ ಅಕ್ಟೋಬರ್ 10ರಂದು ಕೋಟದಲ್ಲಿ ಜನಿಸಿದರು. ಇವರ ‘ಮೂಕಜ್ಜಿಯ ಕನಸುಗಳು’ ಕಾದಂಬರಿಗೆ ಜ್ಞಾನಪೀಠ ಪ್ರಶಸ್ತಿ ಲಭಿಸಿದೆ. ಇವರು ಅಂದಿನ ಮೈಸೂರು ಸಂಸ್ಥಾನದ ಬರಪೀಡಿತ ಹಳ್ಳಿಯೊಂದರ ಶೋಷಿತ ವರ್ಗದ ಪ್ರತಿನಿಧಿಯಾದ ಚೋಮನ ಬದುಕನ್ನು ಮನಮುಟ್ಟುವಂತೆ ಚಿತ್ರಿಸಿದ್ದಾರೆ. ಬಡತನದಿಂದಾಗಿ ಅವನಿಗೆ ಹೊಲ ಸಿಗಲಿಲ್ಲ ಎಂಬುದು ಇದರಿಂದ ತಿಳಿದುಬರುತ್ತದೆ.”

ಇದಾದ ಮೇಲೆ ನಾಲ್ಕು ಪುಟ ಕಥೆ. ಕೊನೆಗೆ, 1974ರ ಭೂಸುಧಾರಣೆ ಕಾಯ್ದೆ ಆಗ ಇದ್ದಿದ್ದರೆ ಚೋಮನಿಗೆ ಭೂಮಿ ಸಿಗುತ್ತಿತ್ತು ಎಂದು ಮುಗಿಸಿದ್ದೇನೆ. ಮೊದಲು ಇನ್ನೊಂದು ಪ್ಯಾರಾ ಇತ್ತು, ದುಡಿ ಅಂದರೆ ದುಡಿಮೆ ಅಂದುಕೊಂಡು ನಾನು ಅರ್ಧ ಪುಸ್ತಕ ಓದಿದ್ದರ ಬಗ್ಗೆ. ಪ್ರಬಂಧದಲ್ಲಿ ‘ನಾನು’ ಬರಬಾರದು ಎಂದು ಗೆಳತಿ ಹೇಳಿದಳು, ತೆಗೆದುಬಿಟ್ಟೆ.

ಬಳ್ಳಾರಿ_ಕನ್ನಡ_ಮೇಡಂ

ತಂಗಿ, ನಾನು ಕನ್ನಡ ಪಾಠ ಮಾಡಿ ನಿವೃತ್ತಳಾದವಳು. ಇಂಥ ಪ್ರಬಂಧಗಳ ಕಟ್ಟುಗಳನ್ನೇ ಬೇಸಿಗೆ ತುಂಬ ತಿದ್ದಿದ್ದೇನೆ, ಆದ್ದರಿಂದ ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ನೀನು ಹಾಕಿದ ಪ್ಯಾರಾ ಯಾವ ಕಾದಂಬರಿಗಾದರೂ ಹೊಂದುತ್ತದೆ. ಚೋಮನ ಹೆಸರು ತೆಗೆದು ಬೇರೆ ಹೆಸರು ಹಾಕು, ಏನೂ ಕೆಡುವುದಿಲ್ಲ. ತೊಂದರೆ ಇರುವುದು ಅಲ್ಲಿಯೇ. ಹುಟ್ಟಿದ ತಾರೀಕು, ಪ್ರಶಸ್ತಿ, ಬಿರುದು ಎಲ್ಲ ಹೊಡೆದುಹಾಕು. ಕಾರಂತರು ಯಾರೆಂದು ನಿನ್ನ ಪ್ರಬಂಧ ಓದುವ ಮೇಷ್ಟರಿಗೆ ಗೊತ್ತು. ಅವರಿಗೆ ಗೊತ್ತಿಲ್ಲದ್ದು, ಈ ಪುಸ್ತಕದಲ್ಲಿ ನೀನು ಏನು ಕಂಡೆ ಎಂಬುದು ಮಾತ್ರ.

ನೀನು ತೆಗೆದುಹಾಕಿದ ಪ್ಯಾರಾ ಇದೆಯಲ್ಲ, ದುಡಿ ಅಂದರೆ ದುಡಿಮೆ ಅಂದುಕೊಂಡದ್ದು, ಅದನ್ನು ಇಲ್ಲಿ ಹಾಕು. ಇಡೀ ಪೋಸ್ಟಿನಲ್ಲಿ ನನ್ನನ್ನು ಎಬ್ಬಿಸಿ ಕೂರಿಸಿದ ಸಾಲು ಅದೊಂದೇ.

ಇನ್ನೊಂದು ತಪ್ಪನ್ನು ಇವತ್ತೇ ಸರಿ ಮಾಡಿಕೋ. ‘ಮೈಸೂರು ಸಂಸ್ಥಾನ’ ಎಂದು ಬರೆದಿದ್ದೀಯ. ಈ ಕಾದಂಬರಿ ಬಂದದ್ದು 1933ರಲ್ಲಿ. ಕಥೆ ನಡೆಯುವ ದಕ್ಷಿಣ ಕನ್ನಡ ಆಗ ಇದ್ದದ್ದು ಬ್ರಿಟಿಷರ ಮದ್ರಾಸ್ ಪ್ರಾಂತ್ಯದಲ್ಲಿ. ನಮ್ಮ ಬಳ್ಳಾರಿಯೂ ಅದರಲ್ಲೇ ಇತ್ತು, 1953ರ ಅಕ್ಟೋಬರ್ 1ಕ್ಕೆ ಮೈಸೂರಿಗೆ ಸೇರಿತು. ನಿಮ್ಮ ಕೊಪ್ಪಳ, ರಾಯಚೂರು ನಿಜಾಮರ ಹೈದರಾಬಾದಿನಲ್ಲಿದ್ದವು. ಅಂದರೆ ಪುಸ್ತಕ ಬಂದಾಗ ಚೋಮನ ಊರೂ ನಿನ್ನ ಊರೂ ಬೇರೆ ಬೇರೆ ಆಡಳಿತದಲ್ಲಿದ್ದವು. ಜಮೀನಿನ ವಿಷಯ ಬರೆಯುವಾಗ ಇದು ಸಣ್ಣ ಮಾತಲ್ಲ.

ಕೊಪ್ಪಳ_ಬಿಎ2

ಮೇಡಂ, ತುಂಬ ಥ್ಯಾಂಕ್ಸ್. ಮೊದಲು ಓದಿದಾಗ ಅಳು ಬಂತು, ಎರಡನೇ ಸಲ ಓದಿದಾಗ ಸಮಾಧಾನ ಆಯಿತು. ತೆಗೆದ ಪ್ಯಾರಾ ನೋಟ್‌ಬುಕ್ಕಿನಲ್ಲಿ ಹಾಗೇ ಇತ್ತು:

“ನಮ್ಮ ಮನೆಯಲ್ಲಿ ದುಡಿ ಅಂದರೆ ದುಡಿಯುವುದು. ಅಪ್ಪ ದುಡಿಯಲು ಹೋಗುತ್ತಾನೆ, ಅವ್ವ ದುಡಿಯಲು ಹೋಗುತ್ತಾಳೆ. ಹಾಗಾಗಿ ‘ಚೋಮನ ದುಡಿ’ ಅಂದಾಗ ಚೋಮನ ದುಡಿಮೆ ಇರಬೇಕು ಅಂದುಕೊಂಡೆ. ಅದು ಬಾರಿಸುವ ವಾದ್ಯ ಎಂದು ಗೊತ್ತಾದಾಗ ನಾಚಿಕೆ ಆಯಿತು. ಆದರೆ ಆಮೇಲೆ ಓದುವಾಗಲೂ ಎರಡೂ ಅರ್ಥ ಒಟ್ಟಿಗೇ ಕೇಳಿಸುತ್ತಿದ್ದವು.”

ಇಷ್ಟೇ ಇರುವುದು.

ಪ್ರೂಫ್_ರಾಯಚೂರು

ತಂಗಿ, ಕೊನೆಯ ಸಾಲು ಇದೆಯಲ್ಲ, ‘ಎರಡೂ ಅರ್ಥ ಒಟ್ಟಿಗೇ ಕೇಳಿಸುತ್ತಿದ್ದವು’, ನಿನ್ನ ಪ್ರಬಂಧ ಅಲ್ಲಿಂದ ಶುರುವಾಗುತ್ತದೆ. ಉಳಿದ ನಾಲ್ಕು ಪುಟ ಆ ಸಾಲಿಗೆ ಸಾಕ್ಷಿ ಹೇಳಬೇಕು. ಸಾಕ್ಷಿ ಹೇಳದ ಪ್ಯಾರಾ ಎಷ್ಟೇ ಚೆನ್ನಾಗಿದ್ದರೂ ಬೇಡ.

ನಾನು ರಾಯಚೂರಿನಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡು ಪ್ರೂಫ್ ನೋಡುವವನು. ಸಾಹಿತ್ಯ ಮೇಡಂ ಹೇಳಲಿ, ಅಕ್ಷರದ ಕೆಲಸ ನಾನು ಹೇಳುತ್ತೇನೆ. ಪೂರ್ತಿ ಫೈಲು ನಮಗೆಲ್ಲ ಮೆಸೇಜಿನಲ್ಲಿ ಕಳಿಸಿದ್ದೆಯಲ್ಲ, ರಾತ್ರಿ ಕೂತು ನೋಡಿದೆ.

‘ಧಣಿ’ ಎಂದು ಬರೆಯಬೇಕಾದಲ್ಲೆಲ್ಲ ‘ದನಿ’ ಎಂದು ಬರೆದಿದ್ದೀಯ, ಹನ್ನೊಂದು ಕಡೆ. ದನಿ ಅಂದರೆ ಧ್ವನಿ. ‘ಚೋಮ ತನ್ನ ದನಿಗೆ ಹೆದರುತ್ತಿದ್ದ’ ಎಂದು ಓದಿದರೆ ಅರ್ಥವೇ ಬೇರೆ ಆಯಿತು. ದುಡಿಯ ದನಿಯೂ ಬರುವ ಪ್ರಬಂಧ ಇದು, ಆದ್ದರಿಂದ ಎರಡೂ ಪದ ಬೇಕೇ ಬೇಕು, ಒಂದೊಂದನ್ನೂ ಕಣ್ಣಿಟ್ಟು ನೋಡು. ಒಂದೇ ಏಟಿಗೆ ಎಲ್ಲವನ್ನೂ ಬದಲಿಸುವ ಆಪ್ಷನ್ ಒತ್ತಬೇಡ, ಒತ್ತಿದರೆ ಸರಿ ಇದ್ದದ್ದೂ ಹಾಳಾಗುತ್ತದೆ.

‘ಇದರಿಂದ ತಿಳಿದುಬರುತ್ತದೆ’ ಒಂಬತ್ತು ಸಲ ಬಂದಿದೆ. ಒಂಬತ್ತನ್ನೂ ಅಳಿಸಿ ಸಾಲನ್ನು ಮತ್ತೆ ಓದಿ ನೋಡು. ಎಂಟು ಕಡೆ ಏನೂ ಕಳೆದುಹೋಗುವುದಿಲ್ಲ. ಒಂದು ಕಡೆ ಸಾಲು ಕುಂಟುತ್ತದೆ, ಅಲ್ಲಿ ನೀನು ನಿಜವಾಗಿ ಹೇಳಬೇಕಾದದ್ದನ್ನು ಹೇಳದೆ ಬಿಟ್ಟಿದ್ದೀಯ ಅಂತ ಅರ್ಥ.

ಕಾಲ ಒಂದು ಮಾಡಿಕೋ. ‘ಚೋಮ ಕಾಡಿಗೆ ಹೋದನು, ಮನೆಗೆ ಬರುತ್ತಾನೆ, ದುಡಿ ಬಾರಿಸಿದ್ದನು’ ಅಂತ ಒಂದೇ ಪ್ಯಾರಾದಲ್ಲಿ ಮೂರು ಥರ ಇದೆ. ಕಾದಂಬರಿಯೊಳಗೆ ನಡೆಯುವುದನ್ನು ‘ಬರುತ್ತಾನೆ, ಬಾರಿಸುತ್ತಾನೆ’ ಎಂದೇ ಬರೆ. 1933, 1974 ಎಂದು ನಿಜವಾಗಿ ನಡೆದದ್ದು ಬಂದಾಗ ಭೂತಕಾಲ. ಓದುವವರಿಗೆ ಪುಸ್ತಕದ ಒಳಗೆ ಯಾವುದು, ಹೊರಗೆ ಯಾವುದು ಅಂತ ತಾನೇ ಗೊತ್ತಾಗುತ್ತದೆ.

ನುಡಿ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿ ಯೂನಿಕೋಡ್‌ಗೆ ಬದಲಿಸಿದ್ದೀಯ ಅನ್ನಿಸುತ್ತೆ, ಒತ್ತಕ್ಷರ ಕೆಲವು ಕಡೆ ಕೆಟ್ಟಿವೆ. ಅದನ್ನು ಕಟ್ಟಕಡೆಗೆ ನೋಡು. ಈಗ ನೋಡಿದರೆ ನಾಳೆ ಆ ಪ್ಯಾರಾವನ್ನೇ ತೆಗೆದುಹಾಕುತ್ತೀಯ, ಕೆಲಸ ದಂಡ.

ಘಟ್ಟದ_ಕೆಳಗಿನವ

ನಮಸ್ಕಾರ. ನಾನು ಪುತ್ತೂರು ಕಡೆಯವನು, ಹದಿನಾರು ವರ್ಷದಿಂದ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಕಾರ್ಖಾನೆಯಲ್ಲಿ ಕೆಲಸ. ಈ ಕಾದಂಬರಿಯ ಸೀಮೆಯೇ ನಮ್ಮದು, ಅದಕ್ಕೆ ಎರಡು ಮಾತು ಹೇಳಲೇಬೇಕು ಅನ್ನಿಸಿತು.

‘ಬರಪೀಡಿತ ಹಳ್ಳಿ’ ಎಂದು ಬರೆದದ್ದು ತಪ್ಪು ತಂಗಿ. ಅದು ನಿಮ್ಮ ಊರಿನ ಕಷ್ಟ, ಚೋಮನದಲ್ಲ. ನಮ್ಮ ಕಡೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ. ರಾಯಚೂರು, ಕೊಪ್ಪಳದಲ್ಲಿ ಆರುನೂರರ ಆಸುಪಾಸು. ನಾನು ಬಳ್ಳಾರಿಗೆ ಬಂದ ಮೊದಲ ವರ್ಷ ಜುಲೈ ತಿಂಗಳಲ್ಲಿ ಕೊಡೆ ಹಿಡಿದು ಕಾದಿದ್ದೆ, ಮಳೆ ಬರಲೇ ಇಲ್ಲ. ಚೋಮನ ಮನೆಯಲ್ಲಿ ಹಸಿವು ಇರುವುದು ನೀರಿಲ್ಲದೆ ಅಲ್ಲ. ನೀರು, ಹಸಿರು, ಬೆಳೆ ಎಲ್ಲ ಕಣ್ಣೆದುರಿಗೇ ಇದೆ, ಅದು ಅವನದಲ್ಲ ಅಷ್ಟೇ. ಅಲ್ಲಿ ಜನರನ್ನು ಕೊಂದದ್ದು ಜ್ವರ. ಘಟ್ಟದ ಕಾಫಿ ತೋಟಕ್ಕೆ ಹೋದವರು ಚಳಿಜ್ವರ ಹತ್ತಿಸಿಕೊಂಡು ಬರುತ್ತಿದ್ದರು. ಚೋಮನ ಮಗ ಚನಿಯ ಸಾಯುವುದೂ ಜ್ವರದಿಂದಲೇ.

ಇನ್ನೊಂದು, ‘ಹೊಲ’ ಎಂದಲ್ಲ, ‘ಗದ್ದೆ’ ಎಂದು ಬರೆಯಿರಿ. ನಮ್ಮಲ್ಲಿ ಭತ್ತ ಬೆಳೆಯುವುದು ಗದ್ದೆ. ಎರೆಹೊಲದ ಚಿತ್ರ ಮನಸ್ಸಿನಲ್ಲಿಟ್ಟುಕೊಂಡರೆ ಚೋಮ ನಿಂತಿರುವ ಜಾಗವೇ ಕಾಣುವುದಿಲ್ಲ. ಇಂಗ್ಲಿಷಿಗೆ ಹೋದಾಗ ಈ ಪುಸ್ತಕದ ಹೆಸರು ‘ಚೋಮಾಸ್ ಡ್ರಮ್’ ಆಯಿತು, ಅಲ್ಲಿ ಒಂದೇ ಅರ್ಥ ಉಳಿಯಿತು. ನಮ್ಮವರಿಗೆ ದುಡಿ ಅಂದರೆ ವಾದ್ಯ ಅಂತ ಮೊದಲೇ ಗೊತ್ತಿರುವುದರಿಂದ ಇನ್ನೊಂದು ಅರ್ಥ ತಲೆಗೇ ಬರುವುದಿಲ್ಲ. ಐವತ್ತು ವರ್ಷದಲ್ಲಿ ನನಗೆ ಹೊಳೆಯದೆ ಇದ್ದದ್ದು ನಿಮಗೆ ಹೊಳೆದದ್ದು ಕೊಪ್ಪಳದವರು ಅನ್ನುವುದಕ್ಕೇ.

ಕೊಪ್ಪಳ_ಬಿಎ2

ಅಣ್ಣಾ, ಬರದ ವಿಷಯ ನಾನು ಸುಮ್ನೆ ಬರೆದುಬಿಟ್ಟಿದ್ದೆ. ಪುಸ್ತಕದಲ್ಲಿ ಎಲ್ಲಿದೆ ಎಂದು ಹುಡುಕಿದೆ, ಎಲ್ಲೂ ಇಲ್ಲ. ಈಗ ಭಯ ಆಗಿ ಪ್ರತಿ ಸಾಲಿನ ಪಕ್ಕ ಪೆನ್ಸಿಲ್‌ನಲ್ಲಿ ಪುಟದ ನಂಬರು ಹಾಕುತ್ತಾ ಹೋದೆ. ಏಳು ಸಾಲಿಗೆ ನಂಬರೇ ಸಿಗಲಿಲ್ಲ. ಅದರಲ್ಲಿ ಒಂದು, ದುಡಿ ಬಾರಿಸುವಾಗ ಚೋಮನ ಮುಖ, ಕಣ್ಣು ಹೇಗಿತ್ತು ಎಂದು ನಾನು ವರ್ಣಿಸಿದ್ದು. ಅದು ಪುಸ್ತಕದ್ದಲ್ಲ, ಸಿನಿಮಾದಲ್ಲಿ ನೋಡಿದ ಮುಖ.

ಬಳ್ಳಾರಿ_ಕನ್ನಡ_ಮೇಡಂ

ಒಳ್ಳೆಯ ಕೆಲಸ ಮಾಡಿದೆ. ಆ ಮುಖ ಎಂ.ವಿ. ವಾಸುದೇವರಾವ್ ಅವರದು. 1975ರ ಸಿನಿಮಾ, ನಿರ್ದೇಶನ ಬಿ.ವಿ. ಕಾರಂತರದು, ಆ ಪಾತ್ರಕ್ಕೆ ವಾಸುದೇವರಾಯರಿಗೆ ರಾಷ್ಟ್ರ ಪ್ರಶಸ್ತಿ ಬಂತು. ಒಮ್ಮೆ ನೋಡಿದರೆ ಮರೆಯಲು ಆಗದ ಮುಖ, ಅದಕ್ಕೇ ಎಷ್ಟೋ ಮಕ್ಕಳು ಆ ಮುಖವನ್ನು ಪುಸ್ತಕದೊಳಗೆ ತಂದು ಕೂರಿಸುತ್ತಾರೆ. ಶಿವರಾಮ ಕಾರಂತ, ಬಿ.ವಿ. ಕಾರಂತ ಇಬ್ಬರನ್ನೂ ಒಬ್ಬರೇ ಅಂದುಕೊಂಡು ಬರೆದವರನ್ನೂ ನೋಡಿದ್ದೇನೆ, ಜೋಪಾನ.

ಪುಟದ ನಂಬರು ಹಾಕುವುದು ನೀನೇ ಕಂಡುಕೊಂಡ ದಾರಿ, ಅದನ್ನು ಬಿಡಬೇಡ. ಯಾವ ಮುದ್ರಣ ಎಂದೂ ಬರೆದಿಟ್ಟುಕೋ, ಒಂದು ಮುದ್ರಣದ ಪುಟ ಇನ್ನೊಂದರಲ್ಲಿ ಸಿಗುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ‘ಬಡತನದಿಂದಾಗಿ ಭೂಮಿ ಸಿಗಲಿಲ್ಲ’ ಎಂದಿದ್ದೀಯ. ನಿಜವೇನು? ಸುಮ್ಮನೆ ಪುಸ್ತಕ ಮುಚ್ಚಿ ಯೋಚನೆ ಮಾಡು. ಚೋಮನ ಹತ್ತಿರ ಒಂದು ಜೊತೆ ಎತ್ತು ಇದೆ. ದುಡಿಯುವ ತೋಳಿದೆ. ಮಕ್ಕಳಿದ್ದಾರೆ. ಧಣಿ ಸಂಕಪ್ಪಯ್ಯನ ಮನಸ್ಸೂ ಒಮ್ಮೆ ಸ್ವಲ್ಪ ಮೆತ್ತಗಾಗುತ್ತದೆ, ತಾಯಿ ಬೇಡ ಅನ್ನುತ್ತಾಳೆ. ಹಾಗಾದರೆ ಅಡ್ಡ ಬಂದದ್ದು ಏನು? ಉತ್ತರ ಪುಸ್ತಕದಲ್ಲೇ ಇನ್ನೊಂದು ಕಡೆ ಇದೆ.

ಕೊಪ್ಪಳ_ಬಿಎ2

ಮೇಡಂ, ಜಾತಿ ಅಲ್ವಾ? ಕ್ರಿಶ್ಚಿಯನ್ ಆದರೆ ಭೂಮಿ ಸಿಗಬಹುದು ಎಂದು ಚೋಮ ಹೊರಡುತ್ತಾನೆ, ದಾರಿಯಲ್ಲಿ ತಾನು ನಂಬಿದ ದೈವ ಪಂಜುರ್ಲಿಯ ನೆನಪಾಗಿ ತಿರುಗಿ ಬರುತ್ತಾನೆ. ಬಡತನವೇ ಕಾರಣ ಆಗಿದ್ದರೆ ಜಾತಿ ಬದಲಾದ ಮಾತ್ರಕ್ಕೆ ಭೂಮಿ ಸಿಗುವ ಮಾತೇ ಬರುತ್ತಿರಲಿಲ್ಲ. ಅವನು ಹೋಗುವಾಗಲೂ ಬಡವ, ಬರುವಾಗಲೂ ಬಡವ.

ಬಳ್ಳಾರಿ_ಕನ್ನಡ_ಮೇಡಂ

ಇದನ್ನು ಇದ್ದ ಹಾಗೇ ಪ್ರಬಂಧಕ್ಕೆ ಹಾಕು. ‘ಶೋಷಿತ ವರ್ಗದ ಪ್ರತಿನಿಧಿ’ ಎಂದು ಬರೆದದ್ದಕ್ಕೂ ಈಗ ಬರೆದದ್ದಕ್ಕೂ ಎಷ್ಟು ಅಂತರ ಇದೆ ನೋಡು. ಮೊದಲನೆಯದನ್ನು ಗೈಡ್ ಹೇಳಿಕೊಟ್ಟಿತ್ತು. ಚೋಮನ ಮಗ ನೀಲ ಹೊಳೆಯಲ್ಲಿ ಮುಳುಗುವಾಗ ಮುಟ್ಟಬಾರದು ಎಂದು ದಡದಲ್ಲಿದ್ದವರು ನಿಂತೇ ಇರುತ್ತಾರಲ್ಲ, ಆ ಭಾಗವನ್ನು ಇದರ ಪಕ್ಕಕ್ಕೇ ತಾ. ಈಗ ಅದು ನಾಲ್ಕು ಪುಟದ ಕಥೆಯಲ್ಲಿ ಎಲ್ಲೋ ಮುಚ್ಚಿಹೋಗಿದೆ.

ಸಿಂಧನೂರು_ಒಕ್ಕಲಿಗ

ಅವ್ವಾ, ನಾನು ಓದಿದ್ದು ಪಿಯುಸಿ. ಹೊಲದಲ್ಲಿ ಕೆಲಸ ಇಲ್ಲದಾಗ ಕಾದಂಬರಿ ಓದುವ ಚಟ. ಪ್ರಬಂಧ ಹೇಗಿರಬೇಕು ಅನ್ನುವುದು ನನಗೆ ತಿಳಿಯದು. ಎತ್ತಿನ ವಿಷಯ ಮತ್ತು ಆ ಕಾಯ್ದೆಯ ವಿಷಯ ಹೇಳಬಲ್ಲೆ.

ಎತ್ತು ಕೆಲಸ ಮಾಡಲಿ ಬಿಡಲಿ, ಹೊಟ್ಟೆಗೆ ಹಾಕಲೇಬೇಕು. ಬೇಸಿಗೆಯಲ್ಲಿ ಬಣವೆ ಕರಗುತ್ತಾ ಬಂದಾಗ ಒಂದೊಂದು ಸಿವುಡು ಕಣಕಿ ಎಣಿಸಿ ಹಾಕಿದ್ದೇವೆ ನಾವು. ನೆಲ ಇದ್ದವರೇ ಸಾಕಲಾಗದೆ ಎತ್ತು ಮಾರಿ ಟ್ರ್ಯಾಕ್ಟರ್ ಬಾಡಿಗೆಗೆ ಕರೆಯುತ್ತಾರೆ. ಅಂಥದ್ದರಲ್ಲಿ ಚೋಮ ಕಾಡಿನಲ್ಲಿ ಸಿಕ್ಕ ಎತ್ತುಗಳನ್ನು ತಂದು, ಉಳಲು ಅಂಗೈಯಗಲ ನೆಲ ಇಲ್ಲದಿದ್ದರೂ ಸಾಕುತ್ತಾನೆ. ತೋಟದ ಸಾಲ ಕುತ್ತಿಗೆಗೆ ಬಂದಾಗ ಮಕ್ಕಳನ್ನು ಕೆಲಸಕ್ಕೆ ಕಳಿಸುತ್ತಾನೆ, ಎತ್ತು ಮಾತ್ರ ಕೊಟ್ಟಿಗೆಯಲ್ಲೇ ಉಳಿಯುತ್ತವೆ. ಇದನ್ನು ನೀನು ‘ಚೋಮನಿಗೆ ಪ್ರಾಣಿಗಳ ಮೇಲೆ ಪ್ರೀತಿ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ಪ್ರೀತಿ ಅಷ್ಟೇ ಅಲ್ಲ ಅವ್ವಾ. ಎತ್ತು ಇರುವ ತನಕ ಅವನು ಒಕ್ಕಲುತನ ಮಾಡಬೇಕಾದ ಮನುಷ್ಯ. ಎತ್ತು ಹೋದರೆ ಆ ಆಸೆಯೂ ಹೋಯಿತು.

ಇನ್ನು ಕಾಯ್ದೆ. 1974ರಲ್ಲಿ ‘ಉಳುವವನೇ ಹೊಲದೊಡೆಯ’ ಅಂತ ಬಂತು, ಎಷ್ಟೋ ಮಂದಿಗೆ ನೆಲ ಆಯಿತು, ನಿಜ. ಆದರೆ ಅದು ಬೇರೆಯವರ ನೆಲವನ್ನು ಗೇಣಿಗೆ ಉಳುತ್ತಿದ್ದವರಿಗೆ. ಚೋಮ ಗೇಣಿದಾರ ಅಲ್ಲವೇ ಅಲ್ಲ. ಗೇಣಿಗೆ ಕೊಡಿ ಅಂತಲೇ ಅವನು ಬೇಡಿಕೊಳ್ಳುವುದು, ಕೊಡಲಿಲ್ಲ. ಅವನದು ಜೀತ. ಜೀತ ರದ್ದು ಮಾಡಿದ್ದು ಬೇರೆ ಕಾಯ್ದೆ, 1976ರದ್ದು, ಅದರಿಂದ ಸಾಲ ಹರಿಯುತ್ತಿತ್ತು, ನೆಲ ಬರುತ್ತಿರಲಿಲ್ಲ. ನಿನ್ನ ಕೊನೆಯ ಪ್ಯಾರಾ ಓದಿದರೆ ಚೋಮ ನಲವತ್ತು ವರ್ಷ ತಡವಾಗಿ ಹುಟ್ಟಿದ್ದರೆ ಎಲ್ಲ ಸರಿಹೋಗುತ್ತಿತ್ತು ಅನ್ನುವ ಹಾಗಿದೆ. ನಮ್ಮ ಊರಲ್ಲೇ ಕೂಲಿ ಮಾಡುತ್ತಿದ್ದ ಮನೆಗಳಿಗೆ ಆಗ ಏನೂ ಸಿಗಲಿಲ್ಲ, ಇವತ್ತಿಗೂ ಅವರು ಸಸಿ ಹಚ್ಚಲು ಕೂಲಿಗೇ ಹೋಗುತ್ತಾರೆ.

ಕೊಪ್ಪಳ_ಬಿಎ2

ಕಾಕಾ, ನಿಮ್ಮ ಮಾತು ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ನಮಗೂ ನೆಲ ಇಲ್ಲ. ಕಾಯ್ದೆಯ ಬಗ್ಗೆ ಹಾಗೆ ಬರೆಯುವಾಗ ನಮ್ಮ ಮನೆಯನ್ನೇ ನಾನು ನೆನೆಯಲಿಲ್ಲವಲ್ಲ. ಅದು ಗೆಳತಿಯ ನೋಟ್ಸಿನಲ್ಲಿದ್ದ ಸಾಲು. ತೆಗೆದೆ.

ನೀವು ಎತ್ತಿನ ಮಾತು ಹೇಳಿದ್ದಕ್ಕೆ ಒಂದು ಕೇಳುತ್ತೇನೆ. ಮಣ್ಣೆತ್ತಿನ ಅಮಾವಾಸ್ಯೆಗೆ ನಮ್ಮ ಮನೆಯಲ್ಲೂ ಮಣ್ಣಿನ ಎತ್ತು ಮಾಡುತ್ತೇವೆ. ಅವ್ವ ಕೆರೆಯ ಮಣ್ಣು ತಂದು ನಾದಿ, ಕೋಡು ತಿದ್ದಿ, ಕಣ್ಣಿಗೆ ಜೋಳದ ಕಾಳು ಒತ್ತಿ, ಜಗುಲಿ ಮೇಲೆ ಇಟ್ಟು ಪೂಜೆ ಮಾಡುತ್ತಾಳೆ. ನಮಗೆ ನಿಜವಾದ ಎತ್ತು ಯಾವತ್ತೂ ಇರಲಿಲ್ಲ. ಚೋಮನ ಎತ್ತುಗಳ ಬಗ್ಗೆ ಓದುವಾಗ ನನಗೆ ಇದೇ ಕಣ್ಮುಂದೆ ಬರುತ್ತಿತ್ತು. ಇದನ್ನು ಪ್ರಬಂಧದಲ್ಲಿ ಹಾಕಬಹುದಾ?

ಪ್ರೂಫ್_ರಾಯಚೂರು

ಹಾಕಲೇಬೇಕು. ಇಂಥದ್ದು ಬೇರೆ ಯಾರ ಪ್ರಬಂಧದಲ್ಲೂ ಬರುವುದಿಲ್ಲ. ಒಂದು ಪೂರ್ತಿ ಪ್ಯಾರಾ ಕೊಡು.

ಬಳ್ಳಾರಿ_ಕನ್ನಡ_ಮೇಡಂ

ನಾನು ಒಪ್ಪುವುದಿಲ್ಲ. ಅದು ಚೆನ್ನಾಗಿದೆ, ಓದಿ ನನ್ನ ಗಂಟಲೂ ಕಟ್ಟಿತು. ಆದರೆ ಅದು ಇನ್ನೊಂದು ಬರಹ, ಅದನ್ನು ಬೇರೆಯಾಗಿ ಬರೆ. ಇಲ್ಲಿ ಓದುಗರು ಚೋಮನ ಕೊಟ್ಟಿಗೆಯ ಎದುರು ನಿಂತಿರುವಾಗ ಅವರ ಕೈ ಹಿಡಿದು ನಿಮ್ಮ ಜಗುಲಿಗೆ ಕರೆದುಕೊಂಡು ಬಂದರೆ ಮತ್ತೆ ಅಲ್ಲಿಗೆ ಹೋಗುವುದು ಕಷ್ಟ. ‘ನಾನು’ ಬರಲಿ, ಅದಕ್ಕೆ ಅಡ್ಡಿ ಇಲ್ಲ. ಪುಸ್ತಕವನ್ನು ತೋರಿಸುವಷ್ಟು ಹೊತ್ತು ಮಾತ್ರ ಬರಲಿ. ದುಡಿ ಪದದ ವಿಷಯದಲ್ಲಿ ನಿನ್ನ ‘ನಾನು’ ಪುಸ್ತಕದ ಹೆಸರನ್ನೇ ತೋರಿಸುತ್ತದೆ, ಅದು ಇರಬೇಕು. ಮಣ್ಣೆತ್ತು ತೋರಿಸುವುದು ನಿಮ್ಮ ಮನೆಯನ್ನು.

ಸಿಂಧನೂರು_ಒಕ್ಕಲಿಗ

ಮೇಡಂ, ನಿಮಗೆ ಎದುರು ಹೇಳುತ್ತೇನೆ ಅಂದುಕೊಳ್ಳಬೇಡಿ. ನೆಲ ಇಲ್ಲದವರ ಮನೆಯಲ್ಲಿ ಎತ್ತಿನ ಪೂಜೆ ಯಾಕೆ ನಡೆಯುತ್ತದೆ ಅನ್ನುವುದು ತಿಳಿದರೆ ಚೋಮ ಎತ್ತು ಯಾಕೆ ಇಟ್ಟುಕೊಂಡ ಅನ್ನುವುದೂ ತಿಳಿಯುತ್ತದೆ. ಒಂದೇ ಸಾಲು ಇರಲಿ.

ಬಳ್ಳಾರಿ_ಕನ್ನಡ_ಮೇಡಂ

ಒಂದೇ ಸಾಲಾದರೆ ಸರಿ, ಒಪ್ಪಿದೆ. ಪೂಜೆಯ ವಿವರ ಬೇಡ.

ಕೊಪ್ಪಳ_ಬಿಎ2

ನಾಲ್ಕು ದಿನ ಆಯಿತು, ಪೂರ್ತಿ ಬಿಚ್ಚಿ ಮತ್ತೆ ಬರೆದೆ. ಹೊಸ ಶುರು ಹೀಗಿದೆ:

“ನನ್ನ ಊರಿನಲ್ಲಿ ದುಡಿ ಅಂದರೆ ದುಡಿಯುವುದು. ಈ ಕಾದಂಬರಿಯ ಹೆಸರನ್ನು ನಾನು ಮೊದಲು ಹಾಗೆಯೇ ಓದಿಕೊಂಡೆ. ಅದು ವಾದ್ಯದ ಹೆಸರು ಎಂದು ತಿಳಿದ ಮೇಲೂ ಮೊದಲ ಅರ್ಥ ಹೋಗಲಿಲ್ಲ. ಚೋಮನ ಹಗಲು ಧಣಿಯದು, ಅವನ ಮಕ್ಕಳ ಹಗಲು ಕಾಫಿ ತೋಟದ್ದು. ಅವನು ದುಡಿದದ್ದರಲ್ಲಿ ಅವನದು ಅನ್ನುವುದು ಏನೂ ಇಲ್ಲ. ರಾತ್ರಿ ಗುಡಿಸಲಿನಲ್ಲಿ ಬಾರಿಸುವ ದುಡಿ ಒಂದೇ ಅವನದು. ಕಾರಂತರು ಒಂದೇ ಪದದಲ್ಲಿ ಈ ಎರಡನ್ನೂ ಇಟ್ಟಿದ್ದಾರೆ.”

ಇದನ್ನು ಜೋರಾಗಿ ಓದಿ ನೋಡೋಣ ಅಂತ ನಿನ್ನೆ ರಾತ್ರಿ ಅವ್ವನ ಎದುರು ಓದಿದೆ. ಅವ್ವ ರೊಟ್ಟಿ ಬಡಿಯುತ್ತಾ ಕೇಳುತ್ತಿದ್ದಳು. ಮೊದಲು ಹಳೆಯದನ್ನು ಓದಿದೆ, ಬಡಿಯುವ ಸದ್ದು ಒಂದು ಸಲವೂ ನಿಲ್ಲಲಿಲ್ಲ. ಹೊಸದು ಓದುವಾಗ ‘ಅವನದು ಅನ್ನುವುದು ಏನೂ ಇಲ್ಲ’ ಅನ್ನುವಲ್ಲಿ ಕೈ ನಿಂತಿತು. ‘ಮುಂದ?’ ಅಂದಳು.

ಪ್ರೂಫ್_ರಾಯಚೂರು

ಚೆನ್ನಾಗಿದೆ ತಂಗಿ, ತುಂಬ ಚೆನ್ನಾಗಿದೆ. ಸಾಲು ಗಿಡ್ಡ ಆಗಿವೆ, ‘ಮನಮುಟ್ಟುವಂತೆ’ ಒಂದೂ ಇಲ್ಲ, ಧಣಿ ಧಣಿಯೇ ಆಗಿದ್ದಾನೆ.

ಘಟ್ಟದ_ಕೆಳಗಿನವ

ಕೊನೆಯ ಸಾಲು ಮಾತ್ರ ಬದಲಿಸಬೇಕು. ‘ಕಾರಂತರು ಒಂದೇ ಪದದಲ್ಲಿ ಈ ಎರಡನ್ನೂ ಇಟ್ಟಿದ್ದಾರೆ’ ಎಂದು ನಾವು ಹೇಗೆ ಹೇಳುವುದು? ಅವರು ನಮ್ಮ ಕರಾವಳಿಯವರು, ಅವರ ಮನಸ್ಸಿನಲ್ಲಿ ವಾದ್ಯವೇ ಇದ್ದಿರಬಹುದು. ಅವರು ಇಟ್ಟರು ಅನ್ನುವುದು ಬೇಡ. ಓದುವ ನಿಮಗೆ ಕೇಳಿಸಿತು ಅನ್ನಿ, ಅದನ್ನು ಯಾರೂ ಅಲ್ಲಗಳೆಯುವ ಹಾಗಿಲ್ಲ.

ಬಳ್ಳಾರಿ_ಕನ್ನಡ_ಮೇಡಂ

ಸರಿಯಾದ ಮಾತು. ಬರೆದವರ ಉದ್ದೇಶ ನಮ್ಮ ಕೈಯಲ್ಲಿಲ್ಲ, ಪುಟದ ಮೇಲಿರುವುದು ನಮ್ಮ ಕೈಯಲ್ಲಿದೆ. ಆ ಸಾಲನ್ನು ಬದಲಿಸು.

ಈಗ ನಾನೊಂದು ಕಷ್ಟದ ಪ್ರಶ್ನೆ ಕೇಳುತ್ತೇನೆ, ಇದು ತಿದ್ದುಪಡಿಯ ಕೊನೆಯ ಹಂತ ಅಂದುಕೋ. ನಿನ್ನ ವಾದಕ್ಕೆ ಪುಸ್ತಕದಲ್ಲಿ ಯಾರು ಎದುರು ನಿಲ್ಲುತ್ತಾರೆ? ಎಲ್ಲವೂ ವಾದಕ್ಕೆ ಹೊಂದಿಬಿಟ್ಟರೆ ನೀನು ಪುಸ್ತಕದ ಯಾವುದೋ ಭಾಗವನ್ನು ನೋಡದೆ ಬಿಟ್ಟಿದ್ದೀಯ ಎಂದೇ ಅರ್ಥ. ಇವತ್ತು ಉತ್ತರ ಕೊಡಬೇಡ. ಇನ್ನೊಂದು ಸಲ ಓದಿ ಬಾ.

ಕೊಪ್ಪಳ_ಬಿಎ2

ಮೇಡಂ, ಓದಿದೆ. ಬೆಳ್ಳಿ.

ನನ್ನ ಹಳೆಯ ಪ್ರಬಂಧದಲ್ಲಿ ಅವಳ ಹೆಸರು ಎರಡೇ ಸಲ ಇತ್ತು, ಒಂದು ಕಡೆ ‘ಚೋಮನ ಮಗಳು’, ಇನ್ನೊಂದು ಕಡೆ ‘ಮೋಸಹೋದ ಬೆಳ್ಳಿ’. ಈಗ ನೋಡಿದರೆ ಮನೆಯ ಕೆಲಸ ಅವಳದು, ತಮ್ಮಂದಿರ ಹೊಟ್ಟೆ ನೋಡುವವಳು ಅವಳು, ಕೊನೆಗೆ ಅಪ್ಪನ ಸಾಲ ತೀರಿಸಲು ತೋಟಕ್ಕೆ ಹೋಗುವವಳೂ ಅವಳೇ. ಆ ಸಾಲಕ್ಕೆ ಅವಳು ಏನು ತೆತ್ತಳು ಎಂಬುದು ಚೋಮನಿಗೆ ಗೊತ್ತಿರುವುದಿಲ್ಲ. ತೋಟದ ರೈಟರ್ ಮನ್ವೇಲನ ಜೊತೆ ಅವಳನ್ನು ಕಂಡ ದಿನ ಹೊಡೆದು ಹೊರಗೆ ಹಾಕುತ್ತಾನೆ. ಆಮೇಲೆ ಎತ್ತು ಕಟ್ಟಿ ಉಳುತ್ತಾನೆ, ದುಡಿ ಹಿಡಿಯುತ್ತಾನೆ. ಅವನ ನೋವಿಗೆ ದುಡಿ ಇದೆ. ಬೆಳ್ಳಿಗೆ ದುಡಿ ಇಲ್ಲ. ಅವಳಿಗೆ ಇರುವುದು ನಮ್ಮೂರಿನ ಅರ್ಥದ ದುಡಿ ಮಾತ್ರ.

ಇದು ಬಂದ ಮೇಲೆ ನಾನು ಬರೆದದ್ದೆಲ್ಲ ಅಲುಗಾಡುತ್ತಿದೆ ಮೇಡಂ. ದುಡಿ ಒಂದೇ ಚೋಮನದು ಅಂತ ಅಷ್ಟು ಮರುಗಿ ಬರೆದೆ, ಬೆಳ್ಳಿಯದು ಅಂತ ಏನಿದೆ ಎಂದು ಕೇಳಲೇ ಇಲ್ಲ. ಮತ್ತೆ ಮೊದಲಿನಿಂದ ಬರೆಯಬೇಕಾ?

ಬಳ್ಳಾರಿ_ಕನ್ನಡ_ಮೇಡಂ

ಬೇಡ. ಇದನ್ನೇ ಕೊನೆಯ ಪ್ಯಾರಾ ಮಾಡು, ಕಾಯ್ದೆಯ ಪ್ಯಾರಾ ಇದ್ದ ಜಾಗದಲ್ಲಿ. ವಾದ ಅಲುಗಾಡಿದರೆ ಅಲುಗಾಡಲಿ, ಓದುವವರ ಎದುರೇ ಅಲುಗಾಡಲಿ, ಮುಚ್ಚಿಡಬೇಡ. ‘ಬೆಳ್ಳಿಗೆ ದುಡಿ ಇಲ್ಲ’ ಅನ್ನುವ ಸಾಲಿಗೆ ಒಂದು ವಿಶೇಷಣವನ್ನೂ ಸೇರಿಸಬೇಡ. ಮೂವತ್ತು ವರ್ಷ ಈ ಪುಸ್ತಕ ಪಾಠ ಮಾಡಿದ್ದೇನೆ ತಂಗಿ, ಈ ಸಾಲು ನನಗೆ ಹೊಳೆದಿರಲಿಲ್ಲ.

ಕೊಪ್ಪಳ_ಬಿಎ2

ಮೇಡಂ, ಏನು ಹೇಳಬೇಕೋ ತಿಳಿಯುತ್ತಿಲ್ಲ. ಇವತ್ತು ರಾತ್ರಿಯೇ ಬರೆದು ಮುಗಿಸುತ್ತೇನೆ. ಪದ ಎಣಿಸಿದೆ, 1620 ಆಗಿದೆ. ಏನು ತೆಗೆಯಲಿ?

ಪ್ರೂಫ್_ರಾಯಚೂರು

ಚೋಮನ ಇನ್ನೊಬ್ಬ ಮಗ ಗುರುವ ತೋಟದಲ್ಲಿ ಹುಡುಗಿಯನ್ನು ಮೆಚ್ಚಿ ಕ್ರಿಶ್ಚಿಯನ್ ಆದ ಕಥೆಗೆ ಮುಕ್ಕಾಲು ಪುಟ ಕೊಟ್ಟಿದ್ದೀಯ. ನಿನಗೆ ಬೇಕಾದದ್ದು ಅದರಲ್ಲಿ ಎರಡು ಸಾಲು, ಅವನು ಹೋದದ್ದು ಮತ್ತು ಆ ದಾರಿ ಚೋಮನಿಗೂ ಕಂಡದ್ದು. ಉಳಿದದ್ದು ತೆಗೆದರೆ ಆ 120 ಪದ ಅಲ್ಲೇ ಹೋಗುತ್ತವೆ, ಮಣ್ಣೆತ್ತಿನ ಸಾಲಿಗೂ ಜಾಗ ಆಗುತ್ತದೆ. ಆಮೇಲೆ ಫೈಲು ನನಗೆ ಕಳಿಸು, ಒತ್ತಕ್ಷರ ನಾನು ನೋಡುತ್ತೇನೆ, ದುಡ್ಡೇನೂ ಬೇಡ. ಮೂರನೇ ಪುಟದಲ್ಲಿ ಎರಡು ಕಡೆ ‘ನೀಲ’ ಹೋಗಿ ‘ನೀಳ’ ಆಗಿದೆ, ಅದನ್ನು ಮಾತ್ರ ನೀನೇ ಈಗಲೇ ಸರಿ ಮಾಡಿಬಿಡು, ಮುಳುಗಿದ ಹುಡುಗನ ಹೆಸರು ಅದು.